ಎಡಗಡೆ ಬಿದ್ದರೆ

ಜಗಳೂರಿನ ಬಸ್ ನಿಲ್ದಾಣದಲ್ಲಿ ಬಿಳಿಚೋಡಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನ ಮೇಲೆ ಯಾರೋ ಅತ್ತಿಗೆ, ನಾದಿನಿ ಕೂತಿದ್ದರು. ಮೊದಲು ಮಾತಾಡಿದವಳು ನಾದಿನಿ.

"ಅತ್ತಿಗೆ, ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೇಲಿ ಅಣ್ಣಂಗೆ ಹೊಸ ಮಾತ್ರೆನೇ ಕೊಟ್ಟಾರಾ?"

"ಗೊತ್ತಿಲ್ಲ ಕಣೇ. ಆ ಹೊಸ ಮಾತ್ರೆದೇ ಪರೀಕ್ಷೆ ನಡೀತಾ ಐತೆ. ಅರ್ಧ ಜನಕ್ಕೆ ಹೊಸದು, ಅರ್ಧ ಜನಕ್ಕೆ ಹಳೇದು. ಯಾರಿಗೆ ಯಾವ್ದು ಅಂತ ಡಾಕ್ಟ್ರಿಗೂ ಗೊತ್ತಿಲ್ವಂತೆ."

"ಇದೊಳ್ಳೆ ಕತೆ! ಮತ್ತೆ ಯಾರಿಗೆ ಗೊತ್ತು?"

"ಕಂಪ್ಯೂಟರಿಗಂತೆ. ಪರೀಕ್ಷೆ ಮುಗಿಯೋವರ್ಗೂ ಅದು ಬಾಯಿ ಬಿಡಲ್ವಂತೆ."

"ಹಂಗಾದ್ರೆ ಚೌಡಮ್ಮನ ಹತ್ರ ಹೂ ಕೇಳ್ರಿ. ಬಲಗಡೆ ಬಿದ್ರೆ ಹೊಸದು, ಎಡಗಡೆ ಬಿದ್ರೆ ಹಳೇದು."

"ಕೇಳಾಕೆ ಅಂತ್ಲೇ ಶುಕ್ರವಾರ ಗುಡಿಗೆ ಹೋಗಿದ್ದೆ. ಬಾಗಿಲಿಂದ್ಲೇ ಕೈಮುಗಿದು ಬಂದುಬಿಟ್ಟೆ."

"ಯಾಕ್ರೀ?"

"ಹಿಂದಿನ ದಿನ ನಿಮ್ಮಣ್ಣ ತಾವಾಗೇ ಇನ್ನೊಂದು ರೊಟ್ಟಿ ಕೇಳಿ ತಿಂದಿದ್ರು. ಎಷ್ಟು ದಿನ ಆಗಿತ್ತು ಹಂಗೆ ಕೇಳಿ! ಹೂ ಎಡಗಡೆ ಬಿದ್ರೆ ಆ ರೊಟ್ಟಿನೂ ಸುಳ್ಳಾಗಲ್ವೇನೇ?"

ಬಸ್ಸು ಬಂತು. ಇಬ್ಬರೂ ಚೀಲ ಎತ್ತಿಕೊಂಡರು. ಬಾಗಿಲ ನೂಕುನುಗ್ಗಲಿನಲ್ಲಿ ನಾದಿನಿ ಮತ್ತೆ ಕೇಳಿದಳು.

"ಬಲಗಡೆನೇ ಬಿದ್ದಿದ್ರೆ?"

ಅತ್ತಿಗೆ ಮೆಟ್ಟಿಲ ಮೇಲೆ ನಿಂತುಬಿಟ್ಟಳು.

"ಹಂಗೆಲ್ಲ ಅನ್ನಬೇಡ ಕಣೇ. ಆಸೆ ಆಗ್ತೈತೆ."