ಹೆಪ್ಪು ಕೊಟ್ಟವರ ಹೆಸರು

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ನಾಗವೇಣಿ ಬಾಗೂರಿನ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಖಾಕಿ ಅಂಗಿಯ ಆಟೋ ಡ್ರೈವರೊಬ್ಬ ಮಗಳ ಮೊಬೈಲು ಹಿಡಿದು ಕುಳಿತಿದ್ದ. ಆಟೋ ಕರೆಯಲು ಮಗಳು ಮಾಡಿದ್ದ ಆ್ಯಪನ್ನು ಹೊಳೆನರಸೀಪುರದ ಆಟೋ ಸಂಘಕ್ಕೆ ಕೊಡಲು ಇಬ್ಬರೂ ಹೊರಟಿದ್ದರು. ನಾಗವೇಣಿ ತಲೆ ಬಗ್ಗಿಸಿಕೊಂಡೇ ಕೇಳಿಸಿಕೊಂಡಳು.

“ಇದ್ಯಾರವ್ವ ಮಿತ್ರಾ, ಇಷ್ಟೊಂದು ಫಾರಿನ್ ಹೆಸ್ರು?”

“ಆ್ಯಪಿನ ಬುಡ ಮಾಡಿದೋರು ಕಣಪ್ಪ. ಅದರ ಮ್ಯಾಲೆ ನಾನು ಕಟ್ಟಿದೀನಿ.”

“ಅಂಗಾದ್ರೆ ನೀನು ಮಾಡಿಲ್ವಾ? ಪೂರಾ ನಮ್ಮುಡುಗೀದೇ ಅಂತ ಸ್ಟ್ಯಾಂಡಲ್ಲೆಲ್ಲಾ ಯೋಳ್ಬುಟ್ಟಿದೀನಲ್ಲ!”

“ಮೊಸರು ನಂದೇ ಕಣಪ್ಪ. ಹೆಪ್ಪು ಅವರದು.”

“ಹೆಪ್ಪು ಕೊಟ್ಟೋರ ಹೆಸ್ರ ಮೊಸರು ಗಡಿಗೆ ಮ್ಯಾಲೆ ಬರೀತಾರಾ? ಅಳಿಸಾಕು. ಅವ್ರಿಗೇನು ಗೊತ್ತಾಯ್ತದೆ?”

“ಗೊತ್ತಾಗಲ್ಲ. ಆದ್ರೂ ಬ್ಯಾಡಪ್ಪ. ಬಿಟ್ಟಿ ಕೊಟ್ಟವ್ರೆ. ‘ನೀವು ಯಾರಿಗೆ ಕೊಟ್ರೂ ನಮ್ಮ ಹೆಸ್ರು ಜೊತೆಗಿರ್ಲಿ’ ಅಂತ ಅದರ ಲೈಸೆನ್ಸಲ್ಲಿ ಕೇಳವ್ರೆ, ಅಷ್ಟೇಯ.”

ಅಪ್ಪ ಆ ಹೆಸರುಗಳ ಮೇಲೆ ನಿಧಾನವಾಗಿ ಬೆರಳಾಡಿಸಿದ.

“ಇವ್ರೆಲ್ಲಾ ನಿನ್ನಂಗೇ ಹುಡುಗ್ರಾ?”

“ಇರ್ಬೋದು. ನಾನೂ ನೋಡಿಲ್ಲ.”

“ಇವ್ರಪ್ಪಂದಿರೂ ಎಲ್ಲೋ ಕೂತ್ಕಂಡು ನನ್ನಂಗೇ ಯೋಳ್ಕತಿರ್ತಾರೆ, ಪೂರಾ ನಮ್ಮ ಮಗಂದೇ ಅಂತ.”

ಮಗಳಿಗೆ ನಗು ಬಂತು.

“ಇರ್ಲಿ ಬುಡು, ಪಾಪ. ನಿನ್ನೆಸ್ರು ಎಲ್ಲೈತೆ?”

“ಕೆಳಗೆ, ಕೊನೇಲಿ.”

ಹೊಳೆನರಸೀಪುರದ ಬಸ್ಸು ಬಂದು ನಿಂತಿತು. ಜನ ಬಾಗಿಲಿಗೆ ಮುಗಿಬಿದ್ದರೂ ಅವನು ಏಳಲಿಲ್ಲ. ಮೊಬೈಲನ್ನು ಕಣ್ಣಿನ ಹತ್ತಿರ ತಂದು ಅಕ್ಷರ ಕೂಡಿಸಿ ಓದಿದ.

“ಸಂಘಮಿತ್ರಾ ಗುಂಡಯ್ಯ... ನನ್ನೆಸ್ರ ಯಾಕವ್ವ ಆಕ್ದೆ? ನಾನೇನು ಮಾಡಿದೆ?”

“ಬಾರಪ್ಪ, ಸೀಟು ಓಯ್ತದೆ,” ಎಂದು ಮಗಳು ಅವನ ಕೈ ಹಿಡಿದು ಎಬ್ಬಿಸಿಕೊಂಡು ಹೋದಳು.