ಇನ್ನೊಂದು ಮಂಡಲ

ಬ್ಯಾಡ ಅಂದ್ರೆ ಬ್ಯಾಡ, ಗುರುಸ್ವಾಮಿ! ಶಬರಿಮಲೆಗೆ ಓಗಿ ಬಂದಿದ್ದಾಯ್ತು, ಮಂಡಲ ಮುಗೀತು, ಇವತ್ತು ಎಲ್ಲಾರ್ದೂ ಮಾಲೆ ಬಿಚ್ತೀರ... ಬಿಚ್ಚಿ. ನಮ್ಮನೇರ್ದು ಮಾತ್ರ ಬಿಚ್ಚಂಗಿಲ್ಲ. ಇನ್ನೊಂದು ಮಂಡಲ ಇರ್ಲಿ. ಯಾಕೆ ನಗ್ತೀರ? ಕ್ಯಾಸಂಬಳ್ಳಿಗೆಲ್ಲಾ ನೀವೇ ದೊಡ್ಡೋರು ಅಂತ ಕೇಳಾಕ್ ಬಂದೀನಿ.

ಶಾಸ್ತ್ರ ಏಳ್ಬ್ಯಾಡಿ ನಂಗೆ! ಶಾಸ್ತ್ರಕ್ಕೇನ್ ಗೊತ್ತು ನಮ್ಮನೆ ಸಂಗ್ತಿ? ಮಾಲೆ ಬಿದ್ದಿದ್ದೇ ಬಿದ್ದಿದ್ದು, ಒಂದ್ ತೊಟ್ಟು ಮುಟ್ಟಿಲ್ಲ. ತಣ್ಣೀರು ಸ್ನಾನ, ಭಜನೆ... ಡೈರಿಗೆ ಹಾಲೂ ಅವ್ರೇ ಆಕ್ಬುಟ್ಟು ಬರೋರು. ನಮ್ಮತ್ತೆ ಅಮ್ಮಾಜಮ್ಮ, ಸ್ವಂತ ಮಗನ ಕಾಲಿಗೆ ಬಿದ್ದು, 'ಸ್ವಾಮಿ, ಊಟಕ್ ಬನ್ನಿ' ಅಂತ ಕರೆಯೋರು! ವರ್ಸೆಲ್ಲಾ 'ಹಾಳಾದೋನೆ' ಅಂತಿದ್ದ ಬಾಯಿ! ನಾನೂ ಅಷ್ಟೇ, ಪೊರಕೆ ಎತ್ಕೊಂಡ್ ನಿಲ್ತಿದ್ದೋಳು ದಿನಾ ಕೈ ಮುಗ್ದೆ. ನನ್ ಕೈಯೇನ್ ಸವೀಲಿಲ್ಲ ಬಿಡಿ.

ಏನು, ಆಸ್ಪತ್ರೆಗಾ? ಕರ್ಕೊಂಡೋಗಿದ್ದೆ. ಕುಡಿತ ಬಿಡ್ಸೋ ಮಾತ್ರೆ ಕೊಟ್ರು. ನಾಲ್ಗೆ ಕೆಳ್ಗೆ ಇಟ್ಕೊಂಡು ಹಿತ್ಲಾಗೆ ಉಗಿಯೋರು. ನಮ್ ಕೋಳಿ ಅದ್ನ ತಿಂದು ತೂಗಾಡ್ತಿದ್ದೋ! ಊಂ, ನಗಿ. ನಾನೂ ನಕ್ಕೆ ಆವತ್ತು, ಆಮೇಲೆ ಒಬ್ಳೇ ಕುಂತು ಅತ್ತೆ.

ಅವ್ರನ್ನಾ? ಈಗ್ಯಾಕೆ ಕರೀಬೇಕು? ಮನ್ಗವ್ರೆ. ಅಷ್ಟು ದೂರ ರೈಲಾಗೆ ಕುಂತು ಬಂದೋರಲ್ವಾ, ಸುಸ್ತು. ನೀವು ಊಂ ಅನ್ನಿ, ಸಾಕು.

ನನ್ ಸೆರಗ್ನಾಗೆ ಏನ್ ನೋಡ್ತೀರ? ಗಂಟು... ಎಲೆ ಅಡಿಕೆ ಗಂಟು! ಮಣಿ ಕಾಣ್ತದಾ? ಕಾಣ್ಲಿ. ದಾರ ಸವ್ದಿತ್ತು, ಕಿತ್ತೋಯ್ತು. ಪೋಣಿಸ್ಕೊಟ್ರೆ ಆಯ್ತಪ್ಪ...

ಬೈಯಿರಿ ಬೇಕಾದ್ರೆ. ಇಂಗ್ ನೋಡ್ಬ್ಯಾಡಿ ಗುರುಸ್ವಾಮಿ.

ಊಂ, ಕುಡ್ದವ್ರೆ! ಬಂಗಾರಪೇಟೆನಾಗೆ ರೈಲಿಳ್ದು ನೀವೆಲ್ಲಾ ಬಂದ್ಬುಟ್ರಿ. ಮಗೀಗೆ ಏನೋ ತಕೊಂಡ್ ಬತ್ತೀನಿ ಅಂತ ಅವ್ರು ಉಳ್ಕೊಂಡ್ರಲ್ಲ... ಬರ್ಲಿಲ್ಲ ಅಂತ ನಾನೇ ಬಸ್ಸತ್ತಿ ಉಡುಕ್ದೆ, ಸ್ಟೇಷನ್ ಇಂದ್ಗಡೆ ಬಿದ್ದಿದ್ರು. ಕಪ್ಪು ಪಂಚೆ, ಕತ್ನಾಗೆ ಮಾಲೆ, ಬಾಯಾಗೆ ಅದೇ ವಾಸ್ನೆ. ಜನ ಸುತ್ತ ನಿಂತು 'ಸ್ವಾಮಿ ಶರಣಂ' ಅಂತ ನಗ್ತಿದ್ರು. ನಾನೇ ಬಿಚ್ಚಿದೆ, ಇದೇ ಕೈಯಾಗೆ! ಪಾಪ ಬರ್ತದಾ? ಬರ್ಲಿ, ನಂಗೇ ಬರ್ಲಿ! ಮನೆಗೂ ಕರ್ಕೊಂಡೋಗಿಲ್ಲ. ಪಕ್ಕದ್ಮನೆ ಪಾಪಕ್ಕನ ಕೊಟ್ಟಿಗೆನಾಗೆ ಮನ್ಗಿಸಿ, ನೆಟ್ಗೆ ಇಲ್ಗೇ ಬಂದೆ.

ಆದ್ರೂ ಆಕಿ. ಇನ್ನೊಂದ್ ಸಲ ಆಕಿ! ನಮ್ಮ ಅನು, ಅಪ್ಪನ ಸದ್ದು ಕೇಳಿದ್ರೆ ಬಣವೆ ಇಂದೆ ಅವ್ತುಕೊಳ್ಳೋ ಮಗ, ಈ ಮಂಡಲ ಪೂರ್ತಿ ಅಪ್ಪನ ಪಕ್ಕ ಕುಂತು ಉಂಡೈತೆ. ಈಗ್ಲೂ ಎರಡು ತಟ್ಟೆ ಇಟ್ಕೊಂಡು ಬಾಗ್ಲು ನೋಡ್ತಾ ಕುಂತೈತೆ. ಅದ್ಕೇನಂತ ಏಳ್ಲಿ ನಾನು?

ಆಕಲ್ವಾ? ಆಗಿದ್ರೆ ನಡೀರಿ. ನೀವೇ ಬಂದು ಆ ಮಗೀಗೆ ಏಳಿ!