ಮದ್ದು ತುಂಬಿದ ಬಂದೂಕು

ಕಲಬುರಗಿಯ ದವಾಖಾನೆಯ ಪಡಸಾಲೆಯಲ್ಲಿ ಸರದಿಗೆ ಕಾದಿದ್ದ ಕಸ್ತೂರಿಬಾಯಿ ತನ್ನ ಕೆಮ್ಮನ್ನು ನುಂಗಿಕೊಂಡು ಕಿವಿಗೊಟ್ಟಳು. ಎದುರಿಗೆ ನರ್ಸ್ ಲತೀಫಾ, ಕಮಲಾಪುರದ ಬಾಳೆತೋಟದ ಕಾವಲುಗಾರ ಕಲ್ಯಾಣಪ್ಪನ ಮಗಳ ಗುಂಡು ಸವರಿದ ಅಂಗೈಗೆ ಪಟ್ಟಿ ಸುತ್ತುತ್ತಿದ್ದಳು.

“ಆ ಬಂದೂಕ ಈಗ ಎಲ್ಲದ?” ಲತೀಫಾ ಪಕ್ಕದಲ್ಲಿ ನಿಂತಿದ್ದ ಕಲ್ಯಾಣಪ್ಪನನ್ನು ಕೇಳಿದಳು.

“ಗುಡಿಸಲದಾಗ, ಈಕಿ ಕೈ ಹಾಕಿದ ಅದೇ ಗೂಟಕ್ಕರೀ.”

“ಮದ್ದು ತುಂಬಿ?”

“ಹಂದಿ ಬರ್ತಾವಂತ ತೋಟದ ಗೌಡ್ರ ಹುಕುಂ ಅದರೀ. ಖಾಲಿ ಇಟ್ರ ಹೊರಗ ಹಾಕ್ತಾರ.”

“ಗೌಡ್ರು ತಮ್ಮ ಬಂದೂಕ ಎಲ್ಲಿಡ್ತಾರ?”

“ಕೀಲಿ ಹಾಕಿದ ಸಂದೂಕದಾಗ. ಮನ್ಯಾಗ ಸಣ್ಣ ಮಕ್ಕಳಾರಲ್ರೀ.”

“ಮತ್ತ ನಿನ್ನವೇನು ಹಂದಿಮರಿನಾ?”

ಲತೀಫಾ ಪಟ್ಟಿಯ ಕೊನೆಯ ಗಂಟು ಬಿಗಿದಳು.

“ಗಾಯ ನಾ ಕಟ್ತೀನಿ ಭಾಯಿ. ಮದ್ದು ನೀನೇ ತಗೀಬೇಕು.”

“ಗೌಡ್ರಿಗೆ ಏನ್ ಹೇಳ್ಲಿ?”

“ದವಾಖಾನಿ ಹುಕುಂ ಅಂತ ಹೇಳು.”

ಹುಡುಗಿ ಇನ್ನೊಂದು ಕೈಯಿಂದ ಅಪ್ಪನ ಧೋತರ ಜಗ್ಗಿದಳು.

“ಲಗೂ ನಡಿ ಅಪ್ಪಾ. ತಮ್ಮ ಈಗ ನಿಂತು ನಡಿಲಾಕತ್ಯಾನ.”

ಅವನು ಮಗಳನ್ನು ಎತ್ತಿಕೊಂಡವನೇ ಬಿರಬಿರನೆ ಮೆಟ್ಟಿಲಿಳಿದ.